ಭತ್ತ ಹರವಿದ ಸೈಕಲ್ ಹಾದಿ

ಮೊನ್ನೆ ಒಂದು ಮದುವೆಗೆಂದು ಲಿಂಗಸುಗೂರಿನಿಂದ ಸಿಂಧನೂರಿಗೆ ಬಸ್ಸಿನಲ್ಲಿ ಹೊರಟಿದ್ದೆ. ರೇಷ್ಮೆ ಸೀರೆ ಉಟ್ಟು ಸೈಕಲ್ ಹೊಡೆಯುವಷ್ಟು ಧೈರ್ಯ ನನಗೆ ಇನ್ನೂ ಬಂದಿಲ್ಲ. ಮಸ್ಕಿ ದಾಟಿ, ಒಣಭೂಮಿ ಮುಗಿದು, ಕಾಲುವೆಯ ಹಸಿರು ಸುರುವಾಗುತ್ತಿದ್ದಂತೆ ಕಿಟಕಿಯಿಂದ ಆ ವಾಸನೆ ನುಗ್ಗಿತು. ಆಗಷ್ಟೇ ಕೊಯ್ದ ಭತ್ತ ಬಿಸಿ ಕಾಂಕ್ರೀಟಿನ ಮೇಲೆ ಒಣಗುವಾಗ ಬರುವ ವಾಸನೆ. ಅರ್ಧ ಹಸಿ ಹುಲ್ಲು, ಅರ್ಧ ಬೆಂದ ಅನ್ನ. ಪಕ್ಕದಲ್ಲಿ ಕೂತಿದ್ದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡು, "ಯಪ್ಪಾ, ಏನು ಧೂಳರೀ ಇದು! ಕಿಡಕಿ ಹಾಕ್ರಿ" ಅಂದಳು. "ಸ್ವಲ್ಪ ತಡೀರಿ, ಗೊರೇಬಾಳ ದಾಟಲಿ" ಅಂದೆ. ಗೊರೇಬಾಳದ ಹತ್ತಿರ ರಸ್ತೆಯ ಪಕ್ಕಕ್ಕೆ ಸೈಕಲ್ಲುಗಳಿಗಾಗಿಯೇ ಮಾಡಿದ ಒಂದು ಬೇರೆ ಹಾದಿ ಇದೆ. ಅದರ ಉದ್ದಕ್ಕೂ ಬಂಗಾರದ ಬಣ್ಣದ ಭತ್ತ ಹರವಿತ್ತು, ಸುತ್ತ ಕಲ್ಲು ಇಟ್ಟಿದ್ದರು. ನೋಡಿ ಮೊದಲು ನಗು ಬಂತು. ಆಮೇಲೆ ಹಳೆಯ ಸಿಟ್ಟು ಬಂತು. ಆ ಹಾದಿ ಬಂದ ವರ್ಷ ನಾನು ಎಷ್ಟು ಜನರ ತಲೆ ತಿಂದಿದ್ದೆ ಎಂದು ನೆನೆದರೆ ಈಗ ನನಗೇ ಆಶ್ಚರ್ಯವಾಗುತ್ತದೆ.

ಆಗ ನಾನು ಸಿಂಧನೂರಿನ ಕಾಲೇಜೊಂದರಲ್ಲಿ ಗಣಿತ ಕಲಿಸುತ್ತಿದ್ದೆ. ಮನೆ ಲಿಂಗಸುಗೂರಿನಲ್ಲಿ. ವಾರವೆಲ್ಲ ಸಿಂಧನೂರಿನ ಬಾಡಿಗೆ ಕೋಣೆ, ಶನಿವಾರ ಪಾಠ ಮುಗಿಸಿ ಊರಿಗೆ. ಹೋಗುವುದು ಬರುವುದು ಎರಡೂ ಸೈಕಲ್ಲಿನ ಮೇಲೆ. ನಲವತ್ತು ದಾಟಿದ ಹೆಂಗಸು ತಲೆಗೆ ಹೆಲ್ಮೆಟ್ಟು ಕಟ್ಟಿಕೊಂಡು ಸಿಂಧನೂರಿನಿಂದ ಮಸ್ಕಿ, ಮಸ್ಕಿಯಿಂದ ಲಿಂಗಸುಗೂರು ಅಂತ ಪೆಡಲ್ ತುಳಿಯುತ್ತ ಹೋಗುವುದು ಆ ರಸ್ತೆಗೆ ಹೊಸದು. ಚಹಾ ಅಂಗಡಿಯ ಮುಂದೆ ನಿಲ್ಲಿಸಿದರೆ, "ಮೇಡಂ, ಸ್ಕೂಟಿ ಎಣ್ಣಿ ಖಾಲಿ ಆಗೇತೇನ್ರಿ?" ಅಂತ ಕೇಳುವವರು. ಮನೆಯವರು ಮಾತ್ರ ಏನೂ ಅನ್ನಲಿಲ್ಲ. ನಾನು ಒಂದು ಪಟ್ಟು ಹಿಡಿದರೆ ಬಿಡುವವಳಲ್ಲ ಎಂದು ಅವರಿಗೆ ಮದುವೆಯಾದ ವರ್ಷವೇ ಗೊತ್ತಾಗಿತ್ತು.

ಈ ಹುಚ್ಚಿನಲ್ಲಿ ನನಗೊಬ್ಬ ಜೊತೆಗಾರ ಸಿಕ್ಕಿದ್ದು ಮಸ್ಕಿಯಲ್ಲಿ. ಖಾಜಾಸಾಬ್, ಬಜಾರಿನ ರಸ್ತೆಗೇ ಬಾಗಿಲಿದ್ದ ಒಂದು ಟೇಲರ್ ಅಂಗಡಿಯವರು. ಅರವತ್ತರ ಹತ್ತಿರ ಬಂದಿದ್ದರು. ಒಂದು ಶನಿವಾರ ಅವರ ಅಂಗಡಿಯ ಮುಂದೆಯೇ ನನ್ನ ಟಯರಿನ ಗಾಳಿ ಹೋಯಿತು. ಹೊಲಿಗೆ ಬಿಟ್ಟು ಎದ್ದು ಬಂದು ಪಂಕ್ಚರ್ ಹಾಕಿಕೊಟ್ಟರು. ಅಂಗಡಿಯ ಒಳಗೆ ಗೋಡೆಗೆ ಒರಗಿಸಿದ್ದ ಅವರ ಸೈಕಲ್ಲು ನನ್ನ ಸೈಕಲ್ಲಿಗಿಂತ ಥಳಥಳ ಹೊಳೆಯುತ್ತಿತ್ತು. ಐತವಾರ ಬಂತೆಂದರೆ ಬೆಳಕು ಹರಿಯುವ ಮೊದಲೇ ಎಲ್ಲಿಗಾದರೂ ದೂರ ಹೋಗಿ ಸಂಜೆಗೆ ಮರಳುವುದು ಅವರ ಮೂವತ್ತು ವರ್ಷದ ರೂಢಿ. ಯಾಕೆ ಚಾಚಾ ಎಂದು ಕೇಳಿದೆ. ಹೊಲಿಗೆ ಮಷೀನಿನ ಕಡೆ ಕೈ ತೋರಿಸಿ, "ವಾರಪೂರ್ತಿ ಇದರ ಪೆಡಲ್ ತುಳಿತೀನವ್ವಾ, ಮಸ್ಕಿ ಬಿಟ್ಟು ಒಂದು ಮಾರೂ ಮುಂದ ಹೋಗಿಲ್ಲ. ಐತಾರ ಆದ್ರೂ ಎಲ್ಲೆರ ಮುಟ್ಟಬೇಕಲ್ಲ!" ಅಂದರು. ಅವತ್ತಿನಿಂದ ಐತವಾರಗಳು ಇಬ್ಬರದೂ ಆದವು. ಗುರುಗುಂಟಾದ ತನಕ ಹೋಗಿ, ಅಲ್ಲಿಯ ಬಸ್ ನಿಲ್ದಾಣದಲ್ಲಿ ಮಂಡಕ್ಕಿಯ ಮಂಡಾಳು ಒಗ್ಗರಣೆ, ಮಿರ್ಚಿ ತಿಂದು ಬರುತ್ತಿದ್ದೆವು.

ಆ ವರ್ಷ ಮಳೆಗಾಲದ ಕೊನೆಗೆ ಒಂದು ಸುದ್ದಿ ಬಂತು. ರಾಯಚೂರಿನ ಸೈಕಲ್ ಬಳಗವೊಂದು ಫೆಬ್ರುವರಿಯಲ್ಲಿ ದೊಡ್ಡ ಓಟ ಇಟ್ಟಿತ್ತು. ಒಂದೇ ದಿನದಲ್ಲಿ ಮುನ್ನೂರು ಕಿಲೋಮೀಟರ್ ಹತ್ತಿರ. ಪಂದ್ಯವಲ್ಲ, ಮೊದಲನೇದು ಎರಡನೇದು ಅಂತಿಲ್ಲ. ಆದರೆ ಹಾದಿಯಲ್ಲಿ ಗೊತ್ತುಮಾಡಿದ ಊರುಗಳನ್ನು ಗೊತ್ತುಮಾಡಿದ ಹೊತ್ತಿನೊಳಗೆ ಮುಟ್ಟಬೇಕು, ತಡವಾದರೆ ಅಲ್ಲಿಗೇ ಮುಗಿಯಿತು. ರಾಯಚೂರಿನಿಂದ ಸಿಂಧನೂರು, ಮಸ್ಕಿ, ಲಿಂಗಸುಗೂರು, ಗುರುಗುಂಟಾದ ಆಚೆ ಹೋಗಿ ಮರಳುವ ದಾರಿ. ಖಾಜಾ ಚಾಚಾ ಕೇಳಿದ ಮೊದಲ ಪ್ರಶ್ನೆ, "ಹಂಗಾರ ನನ್ನ ಅಂಗಡಿ ಮುಂದ ಹಾದು ಹೊಕ್ಕೈತೇನು?" ಹೋಗುತ್ತದೆ ಎಂದೆ. ಅವರ ಮುಖ ನೋಡಬೇಕಿತ್ತು. ಮೂವತ್ತು ವರ್ಷ ಇಡೀ ಬಜಾರು ಅವರನ್ನು 'ಸೈಕಲ್ ಹುಚ್ಚ' ಎಂದು ಕಾಡಿಸಿತ್ತು. ಈಗ ರಾಯಚೂರಿನಿಂದ ಬಂದ ಸವಾರರ ಜೊತೆ, ಎದೆಗೆ ನಂಬರು ಹಚ್ಚಿಕೊಂಡು, ತನ್ನ ಬಜಾರಿನ ನಡುವೆಯೇ ಹಾದು ಹೋಗುವುದು! ಆ ವಾರವೇ ಶಾಲೆಯ ಸಮವಸ್ತ್ರ ಹೊಲಿದು ಉಳಿದ ನೀಲಿ ಬಟ್ಟೆಯಲ್ಲಿ ನಮ್ಮಿಬ್ಬರಿಗೂ ಒಂದೊಂದು ಅಂಗಿ ಹೊಲಿದರು. ಬೆನ್ನ ಹಿಂದೆ ಬಾಳೆಹಣ್ಣು ಇಟ್ಟುಕೊಳ್ಳಲು ಕಿಸೆ.

ಅದೇ ಹೊತ್ತಿಗೆ ಸೈಕಲ್ ಹಾದಿಯೂ ಬಂತು. ಸಿಂಧನೂರಿನಿಂದ ಹೊರಟು ಗೊರೇಬಾಳದ ಆಚೆಗೂ ಸ್ವಲ್ಪ ದೂರ, ರಸ್ತೆಯ ಮಗ್ಗುಲಿಗೆ, ಗೇಣು ಎತ್ತರದ ಕಾಂಕ್ರೀಟ್ ಪಟ್ಟಿ. ಸುಳ್ಳು ಹೇಳಬಾರದು, ಕೆಲಸ ನಡೆದಾಗ ನಾವು ಹಿಗ್ಗಿದ್ದೆವು. "ನಮ್ಮಂಥವರಿಗೂ ಸರಕಾರ ಹಾದಿ ಮಾಡಾಕತ್ತೈತಿ ನೋಡು" ಎಂದು ಚಾಚಾ ಮಸ್ಕಿ ತುಂಬ ಹೇಳಿಕೊಂಡು ತಿರುಗಿದರು.

ಹಾದಿ ಮಾಡಿಸಿದ ಇಂಜಿನಿಯರ್ ಸಾಹೇಬರು ಗುರುಗುಂಟಾದ ಕಡೆಯವರು, ಒಳ್ಳೆಯ ಮನುಷ್ಯ. ಕಾಲುವೆ ಸೀಮೆಯ ಎರೆಮಣ್ಣು ಬಿರಿಯುತ್ತದೆ, ಡಾಂಬರು ನಿಲ್ಲುವುದಿಲ್ಲ ಎಂದು ಕಾಂಕ್ರೀಟ್ ಹಾಕಿಸಿದ್ದರು. ಆದರೆ ಅಳತೆ ಮಾಡಿದ್ದು ಬೇಸಿಗೆಯಲ್ಲಿ, ಕಾಲುವೆಯ ನೀರು ನಿಂತು ಹೊಲಗಳು ಖಾಲಿ ಬಿದ್ದಾಗ. ಮಷೀನಿನಿಂದ ಕೊಯ್ದ ಭತ್ತ ಹಸಿಯಾಗಿರುತ್ತದೆ, ಮಾರುವ ಮೊದಲು ಒಣಗಲೇಬೇಕು, ಒಣಹಾಕಲು ಊರಿಗೆಲ್ಲ ಜಾಗ ಸಾಲುವುದಿಲ್ಲ ಎಂಬುದು ಆ ಬಿಸಿಲಿನಲ್ಲಿ ಯಾರಿಗೂ ನೆನಪಾಗಲಿಲ್ಲ. ಕಾಲುವೆ ಸೀಮೆಯ ಜನ ಸಮತಟ್ಟಾದ ಕಾಂಕ್ರೀಟ್ ಕಂಡರೆ ಅದನ್ನು ಹಾದಿಯೆಂದು ನೋಡುವುದೇ ಇಲ್ಲ, ಕಣವೆಂದು ನೋಡುತ್ತಾರೆ.

ಉದ್ಘಾಟನೆಯ ದಿನವೇ ಅದು ಗೊತ್ತಾಯಿತು. ನವೆಂಬರ್ ಕೊನೆ, ಸುಗ್ಗಿಯ ಭರ. ಗೊರೇಬಾಳದ ಹತ್ತಿರ ಶಾಮಿಯಾನಾ, ರಿಬ್ಬನ್ನು, ಶಾಲೆಯ ಹುಡುಗಿಯರು ಸಾಲಾಗಿ ಸೈಕಲ್ ಹಿಡಿದು ನಿಂತಿದ್ದಾರೆ. ರಿಬ್ಬನ್ನಿನ ಆಚೆ ನೋಡಿದರೆ ಹಾದಿಯ ತುಂಬ ಭತ್ತ! ಪಕ್ಕದ ವಲಸಿಗರ ಕ್ಯಾಂಪಿನ ಲಕ್ಷ್ಮಮ್ಮ, ತೆಲುಗು ಸೀಮೆಯಿಂದ ಬಂದು ಇಲ್ಲಿಯೇ ನೆಲೆಯಾದ ಮನೆತನದವಳು, ತಲೆಗೆ ಟವೆಲ್ ಸುತ್ತಿಕೊಂಡು ಕಾಲಿನಿಂದ ಭತ್ತದಲ್ಲಿ ಗೆರೆ ಎಳೆಯುತ್ತ ತಿರುವಿ ಹಾಕುತ್ತಿದ್ದಾಳೆ. ರಿಬ್ಬನ್ನು ಕತ್ತರಿಸಲು ಬಂದಿದ್ದ ದೊಡ್ಡವರು ಬಯ್ಯುತ್ತಾರೆಂದು ಎಲ್ಲರೂ ಅಂದುಕೊಂಡರು. ಅವರು ಬಯ್ಯಲಿಲ್ಲ. ಬೂಟು ಕಳಚಿ, ಬಗ್ಗಿ ಒಂದೆರಡು ಕಾಳು ಮುಟ್ಟಿ ಕಣ್ಣಿಗೆ ಒತ್ತಿಕೊಂಡು, "ಸ್ವಲ್ಪ ಬಾಜೂಕ ಮಾಡವ್ವಾ" ಅಂದರು. ಲಕ್ಷ್ಮಮ್ಮ ಒಂದು ಬದಿಗೆ ಗುಡ್ಡೆ ಮಾಡಿದಳು. ಉದ್ಘಾಟನೆ ಮುಗಿದು ಜೀಪುಗಳ ಧೂಳು ಅಡಗುವ ಮೊದಲೇ ಮತ್ತೆ ಹರವಿದಳು.

ಅಷ್ಟಕ್ಕೇ ಇದ್ದರೆ ನಾವು ನಮ್ಮ ಪಾಡಿಗೆ ರಸ್ತೆಯ ಅಂಚಿನಲ್ಲಿ ಹೋಗುತ್ತಿದ್ದೆವು. ಮರುದಿನ ಒಂದು ತಗಡಿನ ಫಲಕ ಎದ್ದು ನಿಂತಿತು. ಸೈಕಲ್ ಸವಾರರು ಕಡ್ಡಾಯವಾಗಿ ಸೈಕಲ್ ಹಾದಿಯಲ್ಲೇ ಹೋಗಬೇಕು, ರಸ್ತೆಯ ಮೇಲೆ ಬರಬಾರದು.

ಆಗ ನನಗೆ ಆ ಹಾದಿಯ ನಿಜವಾದ ರುಚಿ ಹತ್ತಿತು. ದೂರ ಹೋಗುವ ಸೈಕಲ್ಲಿಗೆ ಬೇಕಾದದ್ದು ಒಂದೇ, ನಿಲ್ಲದ ಓಟ. ಒಂದೇ ಲಯದಲ್ಲಿ ಕಾಲು ತಿರುಗುತ್ತಿದ್ದರೆ ಎಷ್ಟು ದೂರವಾದರೂ ಸಾಗುತ್ತದೆ; ನಿಂತು ಏರಿ, ನಿಂತು ಏರಿ ಮಾಡಿದರೆ ಹತ್ತು ಮೈಲಿಗೇ ಮೊಣಕಾಲು ಅಳುತ್ತದೆ. ಈ ಹಾದಿ ಪ್ರತಿ ಹೊಲದ ಬಾಗಿಲಿಗೂ ಇಳಿಯುತ್ತಿತ್ತು, ಏರುತ್ತಿತ್ತು. ಪ್ರತಿ ಸಣ್ಣ ಸೇತುವೆಯ ಹತ್ತಿರ ಕೊನೆಯಾಗುತ್ತಿತ್ತು. ಸೈಕಲ್ ಎತ್ತಿಕೊಂಡು ರಸ್ತೆಗೆ ಹತ್ತಿ, ಸೇತುವೆ ದಾಟಿ, ಮತ್ತೆ ಇಳಿಸಬೇಕು. ರಸ್ತೆಯ ಮೇಲಾದರೆ ಲಾರಿ ಬಸ್ಸುಗಳ ಗಾಲಿಗಳೇ ಕಸ ಗುಡಿಸಿಬಿಡುತ್ತವೆ. ಇಲ್ಲಿ ಗುಡಿಸುವವರು ಯಾರು? ಜಾಲಿ ಮುಳ್ಳು, ಒಡೆದ ಬಾಟಲಿ ಬಿದ್ದಲ್ಲೇ ಬಿದ್ದಿರುತ್ತಿದ್ದವು. ನೆರಳಿದ್ದ ಕಡೆ ಆಟೋ ನಿಂತಿರುತ್ತಿತ್ತು. ಎಲ್ಲಕ್ಕಿಂತ ಕೆಟ್ಟದ್ದು ಟ್ರ್ಯಾಕ್ಟರು. ಹೊಲದಿಂದ ಹೊರಬರುವ ಟ್ರ್ಯಾಕ್ಟರಿನವನ ಕಣ್ಣು ದೊಡ್ಡ ರಸ್ತೆಯ ಮೇಲೆ ಇರುತ್ತದೆ. ಅವನಿಗೂ ರಸ್ತೆಗೂ ನಡುವೆ ಬರುವ ಸೈಕಲ್ ಅವನಿಗೆ ಕಾಣುವುದೇ ಇಲ್ಲ. ಬೇಸತ್ತು ರಸ್ತೆಗೆ ಹತ್ತಿದರೆ, ಮೊದಲು ಸುಮ್ಮನೆ ಪಕ್ಕ ಸರಿದು ಹೋಗುತ್ತಿದ್ದ ಗಾಡಿಯವರೂ ಈಗ ಕಿಟಕಿಯಿಂದ ತಲೆ ಹೊರಹಾಕಿ, "ನಿಮ್ಮ ಹಾದಿ ಅಲ್ಲೈತಲ್ಲ!" ಅಂತ ಒದರುತ್ತಿದ್ದರು. ಒಂದು ಪಟ್ಟಿ ಕೊಟ್ಟು ಇಡೀ ರಸ್ತೆ ಕಸಿದುಕೊಂಡಂತಾಗಿತ್ತು.

ಇಷ್ಟಾದರೂ ಆ ಹಾದಿ ಸುಟ್ಟುಹೋಗಲಿ ಎಂದು ನನಗೆ ಅನ್ನಿಸಲಿಲ್ಲ. ನನ್ನ ಕಾಲೇಜಿನ ಹುಡುಗಿಯರು ಹಳ್ಳಿಯಿಂದ ಮೂರು ಮೂರು ಜನ ಜೊತೆಯಾಗಿ, ನಗುತ್ತ ಹರಟುತ್ತ ಆ ಹಾದಿಯಲ್ಲಿ ಬರುತ್ತಿದ್ದರು. ಭತ್ತ ಬಂದಲ್ಲಿ ಇಳಿದು ತಳ್ಳುತ್ತಿದ್ದರು, ಮತ್ತೆ ಏರುತ್ತಿದ್ದರು. ಅವರಿಗೆ ತಡವೆಂದರೆ ಮೊದಲ ಪೀರಿಯಡ್ ತಪ್ಪುವುದು, ಅದು ಅವರಿಗೆ ನಷ್ಟವೇ ಅಲ್ಲ.

ಡಿಸೆಂಬರಿನ ಒಂದು ಐತವಾರ ನಾನು ಲಿಂಗಸುಗೂರಿನಿಂದ ಬಂದು, ಮಸ್ಕಿಯಲ್ಲಿ ಚಾಚಾನನ್ನು ಕೂಡಿಕೊಂಡು, ಇಬ್ಬರೂ ಸಿಂಧನೂರಿನ ಕಡೆ ಹೊರಟೆವು. ಇಬ್ಬರ ಮೈಮೇಲೂ ನೀಲಿ ಅಂಗಿ. ಚಾಚಾ ಕಾನೂನಿನ ಮನುಷ್ಯ. ಫಲಕ ಬಂದ ಕೂಡಲೇ ರಸ್ತೆ ಬಿಟ್ಟು ಹಾದಿಗೆ ಇಳಿದರು, ನಾನು ಬಯ್ದುಕೊಳ್ಳುತ್ತ ಹಿಂದೆ ಇಳಿದೆ. ಗೊರೇಬಾಳದ ತಿರುವಿನಲ್ಲಿ ಒಮ್ಮೆಲೇ ಭತ್ತ, ಬ್ರೇಕು ಒತ್ತಿ ನಿಲ್ಲಲೂ ಹೊತ್ತಿಲ್ಲ. ಹಾದಿಯ ಪೂರ್ತಿ ಅಗಲಕ್ಕೆ ಹರವಿತ್ತು. ಎಡಕ್ಕೆ ರಸ್ತೆ ಬದಿಯ ಕಟ್ಟೆ, ಬಲಕ್ಕೆ ಗೇಣು ಆಳದ ಇಳಿಜಾರು. ರಸ್ತೆಯಾಗಿದ್ದರೆ ಸುತ್ತಿ ಹೋಗಲು ಬೇಕಾದಷ್ಟು ಜಾಗ. ಇಲ್ಲಿ ಇದ್ದದ್ದು ಎರಡೇ ದಾರಿ: ಭತ್ತದ ಮೇಲೆ ಹಾಯಿಸುವುದು, ಇಲ್ಲವೇ ಬೀಳುವುದು. ಚಾಚಾ ಬಲಕ್ಕೆ ತಿರುಗಿಸಿದರು. ಮುಂದಿನ ಗಾಲಿ ಕಾಂಕ್ರೀಟಿನ ಅಂಚಿನಿಂದ ಜಾರಿತು, ಅವರು ಹೆಗಲ ಮೇಲೆ ಬಿದ್ದರು. ಎಲುಬಿನ ಸದ್ದು ನನಗೆ ಕೇಳಿಸಿತು.

ಲಕ್ಷ್ಮಮ್ಮ ಓಡಿ ಬಂದು ಅವರ ತಲೆಯನ್ನು ತನ್ನ ತೊಡೆಯ ಮೇಲೆ ಎತ್ತಿಕೊಂಡಳು. "ಅಯ್ಯೋ ದೇವುಡಾ, ನನ್ನ ನೆಲ್ಲಿನ ಸಲುವಾಗಿ ಬಿದ್ದಿ ಅಣ್ಣಾ" ಅಂತ ಅಳುತ್ತಾಳೆ. ನನಗೆ ಸಿಟ್ಟು ಬಂದಿತ್ತು. "ಭತ್ತದ ಮ್ಯಾಲೆ ಹಾಯಿಸಬೇಕಿತ್ತಲ್ಲ ಚಾಚಾ! ನಾಲ್ಕು ಕಾಳು ಹೋಗತಿತ್ತು, ಅಷ್ಟೇ ಅಲ್ಲ?" ಎಂದು ಕೂಗಿದೆ. ನೋವಿನಲ್ಲೂ ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. "ಅನ್ನದ ಮ್ಯಾಲೆ ಗಾಲಿ ಹತ್ತಸಲೇನವ್ವಾ? ನೀ ಹತ್ತಸತಿದ್ದಿ ಏನು?" ಅಂದರು. ನಾನೂ ಹತ್ತಿಸುತ್ತಿರಲಿಲ್ಲ. ಆ ರಸ್ತೆಯ ಮೇಲೆ ಯಾರೂ ಹತ್ತಿಸುವುದಿಲ್ಲ.

ಹೆಗಲ ಎಲುಬು ಮುರಿದಿತ್ತು. ಸಿಂಧನೂರಿನ ದವಾಖಾನೆಯಲ್ಲಿ ಪಟ್ಟಿ ಹಾಕಿ, ಕೈಯನ್ನು ಕುತ್ತಿಗೆಗೆ ಜೋಲಿ ಕಟ್ಟಿದರು. ಮೂರು ತಿಂಗಳು ದೂರದ ಮಾತು ಎತ್ತಬೇಡಿ ಅಂದರು ಡಾಕ್ಟರು. ದೊಡ್ಡ ಓಟ ಅವರ ಪಾಲಿಗೆ ಅಲ್ಲಿಗೇ ಮುಗಿಯಿತು. ಆದರೆ ಅದಕ್ಕಿಂತ ದೊಡ್ಡ ಪೆಟ್ಟು ಮನೆಯಲ್ಲಿ ಕಾದಿತ್ತು. ಅವರ ಹೆಂಡತಿ ಜೈನಾಬಿ ಚಾಚಿ ಸೈಕಲ್ಲಿಗೆ ಕೀಲಿ ಜಡಿದು, ಕೀಲಿಕೈಯನ್ನು ತನ್ನ ಎಲೆ ಅಡಿಕೆಯ ಸಂಚಿಗೆ ಹಾಕಿಕೊಂಡಳು. ಆ ಸಂಚಿಗೆ ಮನೆಯಲ್ಲಿ ಬೇರೆ ಯಾರೂ ಕೈ ಹಾಕುವಂತಿರಲಿಲ್ಲ.

"ಮೂವತ್ತು ವರ್ಷ ಬಸ್ಸು ಲಾರಿ ನಡುವ ಹೋಗಿ ಬಂದ್ರು. ಐತಾರ ಬಂತಂದ್ರ ನಾ ಜೀವ ಕೈಯಾಗ ಹಿಡಕೊಂಡು ಕುಂದರತಿದ್ದೆ" ಎಂದು ಚಾಚಿ ನನಗೆ ಹೇಳಿದಳು. "ಈಗ ಇವರ ಸಲುವಾಗಿ ಬ್ಯಾರೆ ಹಾದಿನೇ ಮಾಡಿಕೊಟ್ರು. ಅದರಾಗೂ ಎಲುಬು ಮುರಕೊಂಡು ಬಂದಾರ. ಬ್ಯಾರೆ ಹಾದಿಯಾಗೇ ಹಿಂಗಾದ್ರ ರಸ್ತಾದ ಮ್ಯಾಲೆ ಹ್ಯಾಂಗ ಬಿಡ್ಲಿ ಹೇಳು ಬೇಟಿ? ಬಸ್. ಇನ್ನ ಸೈಕಲ್ ನಕ್ಕೋ."

ಖಾಜಾ ಚಾಚಾ ಹೊಲಿಗೆ ಮಷೀನಿನ ಮುಂದೆ ಕೂತಿದ್ದರು. ಒಂದೇ ಕೈಯಿಂದ ಗುಂಡಿ ಹಚ್ಚಲು ನೋಡುತ್ತಿದ್ದರು, ಆಗುತ್ತಿರಲಿಲ್ಲ. ನಾನು ಎದ್ದಾಗ ಮಾತ್ರ ಅಂಗಡಿಯ ಹೊರಗಿನ ತನಕ ಬಂದು, "ಓಟ ಬಜಾರದಾಗ ಹಾದು ಹೋಗಲೇಬೇಕವ್ವಾ. ನಾ ನಿಂತಾದ್ರೂ ನೋಡತೀನಿ" ಅಂದರು.

ಅದಕ್ಕೂ ಕುತ್ತು ಬಂದಿತ್ತು. ಆ ಫಲಕದ ಸುದ್ದಿ ರಾಯಚೂರಿನ ಬಳಗಕ್ಕೆ ಮುಟ್ಟಿತ್ತು. ಅವರು ಫೋನಿನಲ್ಲಿ ಹೇಳಿದರು, ಸವಾರರನ್ನು ಕಾನೂನು ಮುರಿಯಲು ಬಿಡುವಂತಿಲ್ಲ, ಆ ಪಟ್ಟಿಯಲ್ಲಿ ಇಳಿದು ಏರುತ್ತ ಬಂದರೆ ಹೊತ್ತಿಗೆ ಮುಟ್ಟುವುದೂ ಆಗದು. ಸಂಕ್ರಾಂತಿಯ ಹೊತ್ತಿಗೆ ಫಲಕ ಹೋಗದಿದ್ದರೆ ಸಿಂಧನೂರು, ಮಸ್ಕಿ ಎರಡನ್ನೂ ಬಿಟ್ಟು ಕವಿತಾಳದ ಕಡೆಯಿಂದ ದಾರಿ ಹಾಕುತ್ತೇವೆ. ಅವತ್ತು ನಾನು ಮನಸ್ಸಿನಲ್ಲೇ ಗಟ್ಟಿಮಾಡಿಕೊಂಡೆ. ಓಟ ಮಸ್ಕಿಯ ಬಜಾರಿನಲ್ಲಿಯೇ ಹೋಗುತ್ತದೆ. ಚಾಚಾ ಮತ್ತೆ ರಸ್ತೆಗೆ ಬರುತ್ತಾರೆ. ಎರಡೂ ಆಗುವ ತನಕ ನಾನು ಸುಮ್ಮನಿರುವುದಿಲ್ಲ.

ಇಂಜಿನಿಯರ್ ಸಾಹೇಬರ ಕಚೇರಿಗೆ ಹೋದೆ. ಅವರು ಕುರ್ಚಿ ಕೊಟ್ಟು ಚಹಾ ತರಿಸಿದರು. ನನ್ನ ಮಾತು ಪೂರ್ತಿ ಕೇಳಿ, ನಿಧಾನವಾಗಿ ಹೇಳಿದರು.

"ಮೇಡಂ, ಹೋದ ವರ್ಷ ಇದೇ ರಸ್ತೆ ಮ್ಯಾಲೆ ಒಂದು ಸಾಲಿ ಹುಡುಗಿಗೆ ಗಾಡಿ ಬಡೀತು. ನಾನೇ ಜೀಪಿನಾಗ ಹಾಕ್ಕೊಂಡು ದವಾಖಾನಿಗೆ ಓಡಿದೆ. ಆಕಿ ಉಳದಳು. ಆದ್ರ ಅವತ್ತು ನನ್ನ ಅಂಗಿಗಿ ಹತ್ತಿದ ರಕ್ತ ನಾ ಇನ್ನೂ ಮರತಿಲ್ಲ. ಈ ಹಾದಿ ಅದಕ್ಕ ಮಾಡಿಸೀನ್ರಿ."

ಜಗಳಕ್ಕೆ ಸಿದ್ಧವಾಗಿ ಬಂದವಳ ಎದುರು ಜಗಳವಾಡುವ ಮನುಷ್ಯನೇ ಇರಲಿಲ್ಲ. ಆದರೂ ಎದ್ದು ಬರಲಿಲ್ಲ. "ಹಾದಿ ಇರಲಿ ಸರ್, ನನ್ನ ವಿದ್ಯಾರ್ಥಿನಿಯರೂ ಅದರಾಗೇ ಬರತಾರ. ಆದ್ರ ನೀವು ಒಂದು ಸಲ ನನ್ನ ಜೊತೆ ಸಿಂಧನೂರಿನಿಂದ ಮಸ್ಕಿ ತನಕ ಸೈಕಲ್ ಮ್ಯಾಲೆ ಬರ್ರಿ. ಬಂದ ಮ್ಯಾಲೂ ಫಲಕ ಇರಲಿ ಅಂದ್ರ ನಾ ಮತ್ತ ಈ ಬಾಗಲಿಗೆ ಬರಂಗಿಲ್ಲ" ಅಂದೆ. ಅವರು ನಕ್ಕರು. ಬರುವುದಿಲ್ಲ ಅನ್ನುತ್ತಾರೆ ಎಂದುಕೊಂಡಿದ್ದೆ. "ಕಾಲೇಜಿನಾಗ ಇದ್ದಾಗ ಗುರುಗುಂಟಾದಿಂದ ಲಿಂಗಸುಗೂರಿಗೆ ದಿನಾ ಸೈಕಲ್ ಹೊಡದೀನ್ರಿ. ನೋಡೇ ಬಿಡೂಣು" ಅಂದರು.

ಮುಂದಿನ ಐತವಾರ ಅವರು ಮಗಳ ಸೈಕಲ್ ತಂದರು. ಇಸ್ತ್ರಿ ಪ್ಯಾಂಟಿನ ತುದಿಗೆ ರಬ್ಬರ್ ಬ್ಯಾಂಡ್ ಹಾಕಿಕೊಂಡಿದ್ದರು. ಮೊದಲ ಸೇತುವೆಯಲ್ಲಿ ಸೈಕಲ್ ಎತ್ತಿದಾಗ ನಗುತ್ತಲೇ ಇದ್ದರು. ಎರಡನೆಯದರಲ್ಲಿ ನಗು ಕಮ್ಮಿಯಾಯಿತು. ಆಟೋ ಒಂದು ಅಡ್ಡ ನಿಂತಿತ್ತು. ಅದರೊಳಗೆ ಮಲಗಿದ್ದವನನ್ನು ಎಬ್ಬಿಸಿದರೆ, "ಇದು ಸೈಕಲ್ ಹಾದಿ, ಗಾಡಿ ಓಡ್ಯಾಡಂಗಿಲ್ಲ, ಅದಕ್ಕ ಇಲ್ಲಿ ನಿಂದ್ರಸೀನ್ರಿ" ಅಂದ. ಸಾಹೇಬರು ನನ್ನ ಮುಖ ನೋಡಿದರು. ನಾನು ಆಕಾಶ ನೋಡಿದೆ.

ಗೊರೇಬಾಳದಲ್ಲಿ ಲಕ್ಷ್ಮಮ್ಮನ ಭತ್ತ. ಸಾಹೇಬರು ದೂರದಲ್ಲೇ ಇಳಿದು, ಚಪ್ಪಲಿ ಕೈಯಲ್ಲಿ ಹಿಡಿದು, ಸೈಕಲ್ಲನ್ನು ಹೆಗಲಿಗೆ ಏರಿಸಿಕೊಂಡು, ಕಾಳು ತುಳಿಯದಂತೆ ಅಂಚಿನ ಮೇಲೆ ಒಂದೊಂದೇ ಹೆಜ್ಜೆ ಇಡುತ್ತ ದಾಟಿದರು. ಲಕ್ಷ್ಮಮ್ಮ ಗುರುತು ಹಿಡಿದಳು. ಅವಳ ಸಂತೋಷಕ್ಕೆ ಪಾರವಿಲ್ಲ. "ಸಾರು, ನೀವು ಮಾಡಿಸಿದ್ದು ಶಾನಾ ಚಲೋ ಆಗೇತ್ರಿ. ಒಂದು ಕಲ್ಲಿಲ್ಲ, ಮಣ್ಣಿಲ್ಲ. ಮುಂದಿನ ಸಲ ಇನ್ನೊಂಚೂರು ಅಗಲ ಮಾಡಸ್ರಿ" ಎಂದು ಕೈ ಮುಗಿದಳು. ಸಾಹೇಬರ ಕಿವಿ ಕೆಂಪಾಯಿತು. ಅವಳು ಅಷ್ಟಕ್ಕೇ ಬಿಡಲಿಲ್ಲ, ದನಿ ತಗ್ಗಿಸಿ ಹೇಳಿದಳು: "ಆ ಟೇಲರಣ್ಣ ಬಿದ್ದ ಮ್ಯಾಲೆ ನನಗ ನಿದ್ದಿ ಬರವಲ್ದು ಸಾರು. ಸೈಕಲ್ಲಿನೋರು ಬರೋ ಹೊತ್ತಿಗೆ ಎತ್ತಬೇಕಂದ್ರ ಯಾವಾಗ ಬರತಾರೋ ಗೊತ್ತಿಲ್ಲ. ನೆಲ್ಲು ಮನಿಗೆ ಒಯ್ಯಬೇಕಂದ್ರ ಮನ್ಯಾಗ ಜಾಗಿಲ್ಲ. ನಾ ಏನ್ ಮಾಡ್ಲಿ?"

ಸ್ವಲ್ಪ ಮುಂದೆ ಹೊಲದಿಂದ ಟ್ರ್ಯಾಕ್ಟರೊಂದು ಹೊರಬಂತು. ಅದರವನು ರಸ್ತೆಯ ಎರಡೂ ಕಡೆ ಚೆನ್ನಾಗಿ ನೋಡಿದ, ನಮ್ಮನ್ನು ಮಾತ್ರ ನೋಡಲಿಲ್ಲ. ಸಾಹೇಬರು ಬ್ರೇಕು ಒತ್ತಿ ಕಾಲು ಊರಿದಾಗ ಟ್ರಾಲಿ ಅವರ ಹ್ಯಾಂಡಲ್ಲಿಗೆ ಒಂದು ಮೊಳ ದೂರದಲ್ಲಿ ಹಾದುಹೋಯಿತು. ಅವರು ಮುಖ ಒರೆಸಿಕೊಂಡರು. ಆಮೇಲೆ ಸೈಕಲ್ ಎತ್ತಿ ದೊಡ್ಡ ರಸ್ತೆಗೆ ಇಟ್ಟು, ಏರಿ ಹೊರಟೇಬಿಟ್ಟರು. ನಾನು ಹಿಂದೆ ಹಿಂದೆ. ಫರ್ಲಾಂಗು ಹೋಗಿರಲಿಲ್ಲ, ಹಿಂದಿನಿಂದ ಬಂದ ಲಾರಿಯ ಡ್ರೈವರ್ ತಲೆ ಹೊರಹಾಕಿ, "ಲೇ, ಅಷ್ಟು ರೊಕ್ಕ ಸುರದು ಬಾಜೂಕ ಹಾದಿ ಮಾಡ್ಯಾರ, ಕಣ್ಣು ಕಾಣಂಗಿಲ್ಲೇನಲೇ ನಿನಗ!" ಅಂತ ಒದರಿ ಹೋದ. ಹಾದಿ ಮಾಡಿಸಿದವರಿಗೇ ಆ ಮಾತು ಬಿತ್ತು. ನಾನು ತಡೆದುಕೊಳ್ಳಲು ಬಹಳ ನೋಡಿದೆ, ಆಗಲಿಲ್ಲ. ಹೊಟ್ಟೆ ಹಿಡಿದು ನಕ್ಕೆ. ಅವರೂ ನಕ್ಕರು.

ಮಸ್ಕಿಯಲ್ಲಿ ಖಾಜಾ ಚಾಚಾನ ಅಂಗಡಿಯಲ್ಲಿ ಕೂತು ಚಹಾ ಕುಡಿದೆವು. ಚಾಚಾ ಜೋಲಿಯಲ್ಲಿದ್ದ ಕೈಯನ್ನು ಎದೆಗೆ ಒತ್ತಿಕೊಂಡು ಸಾಹೇಬರಿಗೆ ಸಲಾಂ ಮಾಡಿದರು. "ಹಾದಿ ಕೆಡಸಬ್ಯಾಡ್ರಿ ಸಾಹೇಬ್ರ. ಸಾಲಿ ಹುಡುಗ್ಯಾರು ಅದರಾಗ ಹೋಗ್ಲಿ. ನಮ್ಮನ್ನ ಅದರಾಗ ಕೂಡಿಹಾಕಬ್ಯಾಡ್ರಿ, ಅಷ್ಟ" ಅಂದರು. ಸಾಹೇಬರು ಚಹಾದ ಕಪ್ಪು ಕೆಳಗಿಟ್ಟು, "ಫಲಕ ತಗಸೂದು ನನ್ನ ಕೈಯಾಗಿಲ್ಲ, ಮ್ಯಾಲಿನವರ ಒಪ್ಪಿಗಿ ಬೇಕು. ಬರೀತೀನಿ. ಮೇಡಂ, ನೀವೂ ಬೆನ್ನು ಹತ್ರಿ, ಬಿಡಬ್ಯಾಡ್ರಿ" ಎಂದರು.

ಬಿಡುವವಳೇ ನಾನು? ಕಾಲೇಜು ಮುಗಿದ ಕೂಡಲೇ ಕಚೇರಿಗೆ ಹೋದೆ, ಮರುವಾರ ಮತ್ತೆ ಹೋದೆ. ರಾಯಚೂರಿನ ತನಕ ಹೋದೆ, ಅಲ್ಲಿ ಒಬ್ಬರು ಇನ್ನೊಬ್ಬರ ಕಡೆ ಕಳಿಸಿದರು, ಆ ಇನ್ನೊಬ್ಬರು ರಜೆಯ ಮೇಲಿದ್ದರು. ರಜೆ ಮುಗಿಯುವ ತನಕ ಕಾದು ಮತ್ತೆ ಹೋದೆ. "ಒಂದು ಸೈಕಲ್ಲಿಗೆ ಇಷ್ಟು ಯಾಕ್ರಿ ಮೇಡಂ?" ಎಂದು ಕೇಳಿದ ಗುಮಾಸ್ತನಿಗೆ, "ನಿಮ್ಮ ಮೋಟಾರ್ ಸೈಕಲ್ಲಿಗೆ ಭತ್ತದ ಕಣದಾಗ ಹಾದಿ ಮಾಡಿಕೊಟ್ರ ಸುಮ್ನ ಕುಂದರತೀರೇನು?" ಎಂದೆ. ಆಮೇಲೆ ಅವನೇ ಕಡತ ಹುಡುಕಲು ಎದ್ದ. ಬಳಗದವರಿಗೆ ಫೋನು ಮಾಡಿ ಮಾಡಿ ಗಡುವನ್ನು ಸಂಕ್ರಾಂತಿಯ ಆಚೆಗೆ ತಳ್ಳಿಸಿದೆ. ಜನವರಿ ಮುಗಿಯುವ ಹೊತ್ತಿಗೆ ಆ ತಗಡಿನ ಫಲಕ ಇಳಿಯಿತು. ಅದರ ಜಾಗದಲ್ಲಿ ಬಂದ ಹೊಸದು, ಈ ಹಾದಿ ಶಾಲಾ ಮಕ್ಕಳಿಗಾಗಿ, ಉಳಿದ ಸೈಕಲ್ಲುಗಳು ರಸ್ತೆಯ ಎಡ ಅಂಚಿನಲ್ಲಿ ಹೋಗಬಹುದು ಎಂದು ಹೇಳಿತು. ಹಳೆಯ ತಗಡನ್ನು ಲಕ್ಷ್ಮಮ್ಮ ಕೇಳಿ ಇಸಿದುಕೊಂಡಳಂತೆ, ಭತ್ತ ಗುಡ್ಡೆ ಹಾಕಲು ತಳ್ಳುವುದಕ್ಕೆ.

ಓಟ ಮಸ್ಕಿಯ ಮೇಲೆಯೇ ಹೋಗುವುದೆಂದು ಆಯಿತು. ಆದರೆ ಚಾಚಿಯ ಸಂಚಿಯೊಳಗಿನ ಕೀಲಿಕೈ ಅಲ್ಲಿಯೇ ಇತ್ತು. ಆ ವಿಷಯದಲ್ಲಿ ಯಾವ ಕಚೇರಿಗೆ ಅರ್ಜಿ ಕೊಡುವುದು? ಚಾಚಾನ ಎಲುಬು ಕೂಡಿತ್ತು. ಲಿಂಗಸುಗೂರಿನ ತನಕದಂಥ ಸಣ್ಣ ದೂರಕ್ಕೆ ಅಡ್ಡಿಯಿಲ್ಲ ಎಂದು ಡಾಕ್ಟರೂ ಹೇಳಿದ್ದರು. ಓಟದ ದಿನ ಮಸ್ಕಿಯಿಂದ ಲಿಂಗಸುಗೂರಿನ ತನಕ ನನ್ನ ಜೊತೆ ಬರಲಿ ಎಂದು ನಾನು ಚಾಚಿಯನ್ನು ಕೇಳಿದೆ, ಬೇಡಿಕೊಂಡೆ. ಅವಳು ಎಲೆಗೆ ಸುಣ್ಣ ಹಚ್ಚುತ್ತ ಕೂತಿದ್ದಳು. ಎಲೆ ಮಡಚಿ ಬಾಯಿಗಿಟ್ಟು, ಸಂಚಿಯ ದಾರ ಬಿಗಿದಳು.

ಫೆಬ್ರುವರಿಯ ಆ ದಿನ ನಾನು ನಸುಕಿನಲ್ಲಿ ರಾಯಚೂರು ಬಿಟ್ಟೆ. ಸಿಂಧನೂರು ದಾಟಿದಾಗ ಬಿಸಿಲು ಏರಿತ್ತು. ಗೊರೇಬಾಳದಲ್ಲಿ ಹೊಸ ಸಸಿ ನಾಟಿಯಾಗಿ ಗದ್ದೆಗಳಲ್ಲಿ ನೀರು ಹೊಳೆಯುತ್ತಿತ್ತು. ರಸ್ತೆಯ ಅಂಚಿನಲ್ಲಿ, ಎಲ್ಲಿಯೂ ಇಳಿಯದೆ, ಕಾಲು ಒಂದೇ ಲಯದಲ್ಲಿ ತಿರುಗುತ್ತ ಮಸ್ಕಿಗೆ ಬಂದೆ. ಬಜಾರಿನಲ್ಲಿ ಜನ ಅಂಗಡಿಗಳಿಂದ ಎದ್ದು ಬಂದು ನಿಂತಿದ್ದರು. ಟೇಲರ್ ಅಂಗಡಿಯ ಮೆಟ್ಟಿಲ ಮೇಲೆ ಖಾಜಾ ಚಾಚಾ ನಿಂತಿದ್ದರು. ಮೈಮೇಲೆ ನೀಲಿ ಅಂಗಿ, ಕೈಯಲ್ಲಿ ನೀರಿನ ತಂಬಿಗೆ. ಸೈಕಲ್ ಇಲ್ಲ. ಆ ಮುಖ ನೋಡಿ ನನ್ನ ಅಷ್ಟು ದಿನದ ಓಡಾಟವೆಲ್ಲ ನೀರುಪಾಲಾಯಿತು ಅನ್ನಿಸಿತು. "ನಿಂದರಬ್ಯಾಡ, ಹೋಗು, ಹೊತ್ತು ಹೊಕ್ಕೈತಿ" ಎಂದು ಅವರೇ ಅವಸರ ಮಾಡಿದರು.

ಆಗ ಅಂಗಡಿಯ ಪಕ್ಕದ ಓಣಿಯಿಂದ ಜೈನಾಬಿ ಚಾಚಿ ಬಂದಳು. ತಲೆಯ ಮೇಲೆ ಸೆರಗು ಬಿಗಿಯಾಗಿ ಹೊದ್ದು, ಹ್ಯಾಂಡಲ್ಲನ್ನು ಎರಡೂ ಕೈಯಲ್ಲಿ ಎಮ್ಮೆಯ ಕೊಂಬು ಹಿಡಿದಂತೆ ಹಿಡಿದು, ಕೀಲಿ ತೆಗೆದ ಸೈಕಲ್ ತಳ್ಳಿಕೊಂಡು. ಮೂವತ್ತು ವರ್ಷದಲ್ಲಿ ಅವಳು ಅದನ್ನು ತಳ್ಳಿದ್ದು ಅದೇ ಮೊದಲು. ಮೆಟ್ಟಿಲಿಗೆ ಒರಗಿಸಿ, ಸಂಚಿಯ ದಾರ ಬಿಚ್ಚಿ, ಅಡಿಕೆ ಚೂರುಗಳ ನಡುವಿನಿಂದ ಕೀಲಿಕೈ ತೆಗೆದು ಗಂಡನ ಅಂಗೈಗೆ ಹಾಕಿದಳು.

"ಪಟ್ಟಿ ಬಿಚ್ಚಸಾಕ ದವಾಖಾನಿಗೆ ಹೋದ ದಿನ ಆಟೋದಾಗಿಂದ ಆ ಹಾದಿ ನೋಡೀನಿ ನಾ" ಎಂದಳು. "ತುಂಬ ನೆಲ್ಲು, ಆಡು, ಕೂಸುಗಳು, ಒಗದ ಹಾಸಿಗಿ. ಅದು ಹಾದಿ ಅಲ್ಲ, ಅಂಗಳ. ಅಂಗಳದಾಗ ಯಾರರ ಸೈಕಲ್ ಹೊಡೀತಾರೇನು? ಬೀಳದಲೆ ಏನು ಆಗತೈತಿ?" ಆಮೇಲೆ ನನ್ನ ಕಡೆ ತಿರುಗಿ, ಬೆರಳು ಎತ್ತಿ ತಾಕೀತು ಮಾಡಿದಳು. "ನೋಡು ಬೇಟಿ, ಕರಕೊಂಡು ಹೋಗು. ಆದ್ರ ದೊಡ್ಡ ರಸ್ತಾದ ಮ್ಯಾಲೇ ಹೋಗಬೇಕು. ಬ್ಯಾರೆ ಹಾದಿಗೆ ಇಳಿಸಿದಿ ಅಂದ್ರ ನಾ ಸುಮ್ನಿರಂಗಿಲ್ಲ."

ಚಾಚಾ ತಂಬಿಗೆಯನ್ನು ಅವಳ ಕೈಗೆ ಕೊಟ್ಟು ಸೈಕಲ್ ಏರಿದರು. ಬಜಾರು ಸಿಳ್ಳೆ ಹಾಕಿತು, ಯಾರೋ ಅವರ ಬೆನ್ನಿನ ಕಿಸೆಗೆ ಬಾಳೆಹಣ್ಣು ತುರುಕಿದರು. ನಾನು ಆ ದಿನದ ಓಟವನ್ನು ಹೊತ್ತಿನೊಳಗೇ ಮುಗಿಸಿದೆ, ಆದರೆ ನನಗೆ ಇವತ್ತಿಗೂ ನೆನಪಿರುವುದು ಮಸ್ಕಿ ದಾಟಿದ ಮೇಲಿನ ಆ ಏರು. ಚಾಚಾ ಮುಂದೆ, ನಾನು ಹಿಂದೆ. ಬೆನ್ನ ಹಿಂದೆ ಲಾರಿಯೊಂದು ಜೋರಾಗಿ ಹಾರ್ನ್ ಹಾಕಿತು. ಮೊದಲಾಗಿದ್ದರೆ ಚಾಚಾ ಸರಿದು ಮಣ್ಣಿಗೆ ಇಳಿಯುತ್ತಿದ್ದರು. ಅವತ್ತು ಇಳಿಯಲಿಲ್ಲ. ತಮ್ಮ ಅಂಚಿನಲ್ಲಿ ನೆಟ್ಟಗೆ ಹೋಗುತ್ತಲೇ, ಮುರಿದು ಕೂಡಿದ ಹೆಗಲಿನ ಕೈಯನ್ನು ಎತ್ತಿ, ಜಾಗ ಐತಿ, ಸುತ್ತಿ ಹೋಗು ಎಂದು ಬಲಕ್ಕೆ ಬೀಸಿದರು. ಲಾರಿ ಸುತ್ತಿ ಹೋಯಿತು.